ಕಂಬಳಿಯೊಳಗಿನ ಸ್ಕ್ರೀನು

ಕಾಫಿ ಕುಯ್ಲು ಶುರುವಾದಾಗಿನಿಂದ ಕಲ್ಲುಗುಡ್ಡೆ ಎಸ್ಟೇಟಿನ ರೈಟರ್ ಸೌಂದರ್ಯಳಿಗೆ ದಿನಾ ಬೆಳಿಗ್ಗೆ ಎದುರಾಗುತ್ತಿದ್ದದ್ದು ಒಂದೇ ಪ್ರಶ್ನೆ. ಕೇಳುವವಳು ಹುಚ್ಚಮ್ಮ. ಕಣದ ಅಂಚಿನಲ್ಲಿ ಗೋಣಿತಾಟು ಹಾಸಿಕೊಂಡು, ಬಲಗಾಲನ್ನು ಮುಂದಕ್ಕೆ ಚಾಚಿ ಕೂತು, "ರೈಟ್ರಮ್ಮ, ಇವತ್ತು ಹಳ್ಳದ ಬ್ಲಾಕಿಗೆ ಹೋಗ್ಬೋದಾ?" ಅನ್ನುವಳು.

ಹೋಗಬೇಕಾದವಳು ಅವಳಲ್ಲ, ಅವಳ ಮಗಳು ಅರುಣಾ. ಹುಚ್ಚಮ್ಮ ಹೋದ ವರ್ಷದವರೆಗೂ ಗ್ಯಾಂಗಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವಳೇ. ಒಂದು ದಿನ ರೂಢಿಯಂತೆ ಮೇಸ್ತ್ರಿ ಒಂದು ಪಟಾಕಿ ಹೊಡೆದು, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕಾದು, ಆನೆ ಇದ್ದಿದ್ದರೆ ಹೋಗಿರುತ್ತದೆ ಅಂತ ಜನರನ್ನು ಒಳಗೆ ಬಿಟ್ಟ. ಆನೆ ಹೋಗಿರಲಿಲ್ಲ. ಅದು ಹುಚ್ಚಮ್ಮನನ್ನು ತುಳಿಯಲಿಲ್ಲ, ತಿವಿಯಲಿಲ್ಲ, ದಾರಿಗೆ ಅಡ್ಡ ಸಿಕ್ಕಿದಳು ಅಂತ ಸೊಂಡಿಲಲ್ಲಿ ಪಕ್ಕಕ್ಕೆ ತಳ್ಳಿತು ಅಷ್ಟೆ. ಆನೆಗೆ ಅಷ್ಟೆ, ಮನುಷ್ಯರಿಗೆ ಅದೇ ಸೊಂಟ ಮುರಿಯಲು ಸಾಕು. ಈಗ ಅವಳು ಕಣದಲ್ಲಿ ಕೂತು ಹಣ್ಣಿನಲ್ಲಿ ಕಾಯಿ ಆರಿಸುತ್ತಾಳೆ. ಅವಳು ಬಿಟ್ಟ ಜಾಗಕ್ಕೆ ಮಗಳು ಬಂದಿದ್ದಾಳೆ.

ಹೀಗಾಗಿ ಆ ಪ್ರಶ್ನೆಗೆ ಸೌಂದರ್ಯ ಬಾಯಿಗೆ ಬಂದ ಉತ್ತರ ಹೇಳುವಂತಿರಲಿಲ್ಲ. ಅವಳು ಗೋಣಿಬೀಡಿನ ಕಡೆಯ ಸಣ್ಣ ಹಿಡುವಳಿದಾರರ ಮಗಳು. ಹಾಜರಿ ಹಾಕಿ ಲೆಕ್ಕ ಬರೆದರೆ ಸಾಕಾಗಿದ್ದ ಹುದ್ದೆಯಲ್ಲಿ, ಆನೆ ಇದೆಯೋ ಇಲ್ಲವೋ ಹೇಳುವ ಕೆಲಸವನ್ನು ತಾನೇ ಮೈಮೇಲೆ ಎಳೆದುಕೊಂಡಿದ್ದಳು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಚಟ ಅವಳಿಗೆ ಚಿಕ್ಕಂದಿನಿಂದ. ಸಾಹುಕಾರ ಚಂದ್ರಶೇಖರಪ್ಪನವರು ಹೋಮ್‌ಸ್ಟೇ ಮಾಡುವ ಹುಮ್ಮಸ್ಸಿನಲ್ಲಿ ಒಂದು ಡ್ರೋನ್ ತಂದಿದ್ದರು. ಹೋಮ್‌ಸ್ಟೇ ಆಗಲಿಲ್ಲ, ಡ್ರೋನ್ ಬೀರು ಸೇರಿತು. ಹುಚ್ಚಮ್ಮ ಆಸ್ಪತ್ರೆಯಿಂದ ಬಂದ ವಾರದಲ್ಲಿ ಸೌಂದರ್ಯ ಅದನ್ನು ಈಚೆಗೆ ತೆಗೆದು, ಧೂಳು ಒರೆಸಿ, ಹಾರಿಸುವುದನ್ನು ಕಲಿತಳು. ಅದಕ್ಕೆ ಬೇಕಾದ ಪರವಾನಗಿಯನ್ನೂ ಸಾಹುಕಾರರ ಬೆನ್ನು ಬಿದ್ದು ಮಾಡಿಸಿದಳು.

ಆದರೆ ಹಾರಿಸಿದ ಮೇಲೆ ನೋಡಬೇಕಲ್ಲ. ತಗ್ಗಿನಲ್ಲಿ ಹಾರಿಸಿದರೆ ಅದರ ಗುಂಯ್‌ಗುಟ್ಟುವ ಸದ್ದು ಜೇನುನೊಣದ ಸದ್ದಿನ ಹಾಗೇ. ಜೇನು ಅಂದರೆ ಆನೆಗೆ ಆಗುವುದಿಲ್ಲ. ಒಮ್ಮೆ ಹಾಗೆ ಮಾಡಿದಾಗ, ಬೆದರಿದ ಗುಂಪೊಂದು ಮೆಣಸಿನ ಬಳ್ಳಿಗಳನ್ನೆಲ್ಲ ಕಿತ್ತುಕೊಂಡು ಪಕ್ಕದ ತೋಟಕ್ಕೆ ನುಗ್ಗಿತು, ಪಕ್ಕದ ತೋಟದವರು ಸಾಹುಕಾರರ ಮೇಲೆ ನುಗ್ಗಿದರು. ಎತ್ತರದಲ್ಲಿ ಹಾರಿಸಿದರೆ ಆನೆಗೂ ನೆಮ್ಮದಿ, ನೆರೆಯವರಿಗೂ ನೆಮ್ಮದಿ. ಆದರೆ ಅಲ್ಲಿಂದ ತೆಗೆದ ಫೋಟೋ ಮೊಬೈಲಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಬಂಡೆಯೂ ಕಪ್ಪು, ಮರದ ನೆರಳೂ ಕಪ್ಪು, ಆನೆಯೂ ಕಪ್ಪು. ಬೆರಳಿಂದ ಹಿಗ್ಗಿಸಿ ನೋಡಬಹುದು ನಿಜ, ಹಿಗ್ಗಿಸಿದರೆ ಎಲ್ಲಿದ್ದೇವೆ ಅನ್ನುವುದೇ ತಪ್ಪಿಹೋಗುತ್ತಿತ್ತು. ಇಡೀ ಬ್ಲಾಕನ್ನು ಹಾಗೆ ತುಣುಕು ತುಣುಕಾಗಿ ನೋಡಿ ಮುಗಿಸುವಷ್ಟರಲ್ಲಿ ಬಿಸಿಲೇರಿ, ಗ್ಯಾಂಗಿನವರು ಎಲೆಯಡಿಕೆ ಮುಗಿಸಿ, ಮೇಸ್ತ್ರಿ ಭೂತಯ್ಯ ಕೆಮ್ಮಲು ಶುರುಮಾಡಿರುತ್ತಿದ್ದ. ಆಫೀಸಿನ ಹಳೇ ಲ್ಯಾಪ್‌ಟಾಪು ಮೊಬೈಲಿಗಿಂತ ಅಗಲ ಹೌದು, ಚುರುಕಿನಲ್ಲಿ ಅದರ ತಾತ.

ಹಾಗಾದರೆ ಫೋಟೋದೊಳಗೆ ಇರುವುದೆಲ್ಲ ಕಣ್ಣಿಗೆ ಯಾಕೆ ಬರುತ್ತಿಲ್ಲ? ಈ ಕುತೂಹಲ ಸೌಂದರ್ಯಳನ್ನು ಒಂದು ವಾರ ಕಾಡಿತು. ಹುಡುಕಿ ಓದಿ ಕೊನೆಗೆ ಅವಳಿಗೆ ತಿಳಿದದ್ದು ಇಷ್ಟು: ಡ್ರೋನು ತೆಗೆದ ಚಿತ್ರದಲ್ಲಿ ಕೋಟಿ ಮೀರಿದ ಚುಕ್ಕಿಗಳಿವೆ, ತೋರಿಸುವ ಲ್ಯಾಪ್‌ಟಾಪಿಗೆ ಅಷ್ಟು ಚುಕ್ಕಿಗಳೇ ಇಲ್ಲ. ಆನೆ ಚಿತ್ರದಲ್ಲಿ ಇದೆ, ಸ್ಕ್ರೀನು ಅದನ್ನು ನುಂಗುತ್ತಿದೆ.

ಇದನ್ನು ಸಾಹುಕಾರರಿಗೆ ಹೇಳಿದಾಗ ಅವರು, "ನಮ್ಮನೆ ಹಾಲಲ್ಲಿ ಗೋಡೆ ತುಂಬ ಟೀವಿ ಇದ್ಯಲ್ಲ, ಅದಕ್ಕೆ ಹಾಕು ಮಾರಾಯ್ತಿ" ಅಂದರು.

"ಮನೆ ಎಲ್ಲಿ, ಕಣ ಎಲ್ಲಿ ಸರ್? ಗ್ಯಾಂಗ್ ನಿಂತಿರೋದು ಕಣದಲ್ಲಿ. ನಾನು ಡ್ರೋನ್ ಇಳಿಸ್ಕೊಂಡು ನಿಮ್ಮನೆಗೆ ಓಡಿ, ನೋಡಿ, ವಾಪಸ್ ಓಡಿ ಬರೋದ್ರೊಳಗೆ ಆನೆ ಊಟ ಮುಗಿಸಿ ಬಣಕಲ್ ದಾಟಿರುತ್ತೆ."

"ಅದಕ್ಕೇನೀಗ?"

"ಕೈಯಲ್ಲಿ ಹಿಡ್ಕೊಂಡು ಹೋಗೋಂಥ ಸ್ಕ್ರೀನ್ ಬರುತ್ತಂತೆ. ಸ್ಲೇಟಿನ ಥರ. ಕರೆಂಟ್ ಇಲ್ದಿದ್ರೂ ಪವರ್ ಬ್ಯಾಂಕಲ್ಲಿ ಓಡುತ್ತೆ."

ಕಾಫಿ ಪ್ಲಾಂಟರುಗಳಿಗೆ ಒಂದು ಗುಣ ಇದೆ. ಗೊಬ್ಬರ ತರಿಸಿ ಅಂದರೆ ನಾಳೆ ನೋಡೋಣ ಅನ್ನುತ್ತಾರೆ, ಹೊಸ ಮಿಷನ್ನು ಅಂದರೆ ಜೀಪಿನ ಕೀಲಿ ಹುಡುಕುತ್ತಾರೆ. ಮರುದಿನವೇ ಇಬ್ಬರೂ ಚಿಕ್ಕಮಗಳೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿದ್ದರು.

ಅಂಗಡಿಯ ಹರ್ಷವರ್ಧನ ಮೂರು ಸ್ಕ್ರೀನುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಮೂರರಲ್ಲೂ ಸಮುದ್ರದೊಳಗಿನ ಮೀನು ಓಡಾಡಿಸಿದ. ಸಾಹುಕಾರರು ಅತಿ ದೊಡ್ಡದರ ಮುಂದೆ ನಿಂತು, "ಆಹಾ" ಅಂದರು. ಸೌಂದರ್ಯ ಆಹಾ ಅನ್ನಲಿಲ್ಲ. ಮೀನು ಎಲ್ಲದರಲ್ಲೂ ಚೆನ್ನಾಗೇ ಕಾಣುತ್ತದೆ, ಅಂಗಡಿಯವರು ಮೀನು ಹಾಕುವುದೇ ಅದಕ್ಕೆ. ಅವಳು ಚೀಲದಿಂದ ಪೆನ್‌ಡ್ರೈವ್ ತೆಗೆದು, ಹಳ್ಳದ ಬ್ಲಾಕಿನ ತನ್ನದೇ ಫೋಟೋ ಕೊಟ್ಟು, "ಇದನ್ನ ಹಾಕಿ" ಅಂದಳು. ಆ ಫೋಟೋದ ಒಂದು ಮೂಲೆಯಲ್ಲಿ, ನಲ್ಲಿಯ ಹತ್ತಿರ, ಯಾರೋ ಮರೆತು ಬಿಟ್ಟ ಒಂದು ನೀಲಿ ಕೊಡ ಇತ್ತು. ಅವಳಿಗೆ ಬೇಕಾದದ್ದು ಆ ಕೊಡ.

ದೊಡ್ಡದರಲ್ಲಿ ಕೊಡ ಒಂದು ನೀಲಿ ಕಲೆ. ಎರಡನೆಯದು ಬಣ್ಣದಲ್ಲಿ ಮದುವೆಮನೆ, ಆದರೆ ಕನ್ನಡಿಯ ಹಾಗೆ ಮಿರಮಿರ ಮಿಂಚಿ, ಕೊಡದ ಬದಲು ಸಾಹುಕಾರರ ಮೀಸೆಯನ್ನು ತೋರಿಸಿತು. ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಹದಿನಾಲ್ಕು ಇಂಚು, ಮುಖ ಹೊಳಪಿಲ್ಲದೆ ಮಂಕಾಗಿತ್ತು. ಅದರಲ್ಲಿ ಕೊಡದ ಬಾಯಿ ಕಂಡಿತು. ಅವಳು ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಕೊಡದೊಳಗೆ ನೀರಿದೆ ಅನ್ನುವುದೂ ಕಂಡಿತು.

"ಎಲ್ಲಕ್ಕಿಂತ ಚಿಕ್ಕದಕ್ಕೆ ಎಲ್ಲಕ್ಕಿಂತ ಜಾಸ್ತಿ ರೇಟಾ? ಇದ್ಯಾವ ನ್ಯಾಯ?" ಸಾಹುಕಾರರಿಗೆ ಅರ್ಥವಾಗಲಿಲ್ಲ.

"ಇದು ಫೋರ್‌ಕೆ ಸರ್" ಅಂದ ಹರ್ಷವರ್ಧನ, ಅದರಿಂದ ಎಲ್ಲ ವಿವರಿಸಿದಂತಾಯಿತು ಅನ್ನುವ ಹಾಗೆ.

ಸೌಂದರ್ಯ ಬಿಡಿಸಿ ಹೇಳಿದಳು. "ಅಂಗಳ ಒಂದೇ ಅಂದ್ಕೊಳ್ಳಿ ಸರ್. ಒಬ್ಳು ದೂರ ದೂರ ಚುಕ್ಕಿ ಇಟ್ಟು ರಂಗೋಲಿ ಹಾಕ್ತಾಳೆ, ಇನ್ನೊಬ್ಳು ಒತ್ತೊತ್ತಾಗಿ ಇಡ್ತಾಳೆ. ನವಿಲಿನ ಕಣ್ಣು ಯಾರ ರಂಗೋಲಿಲಿ ಬರುತ್ತೆ?"

"ಒತ್ತಾಗಿ ಇಟ್ಟೋಳ್ದು."

"ಇದು ಅವಳ ಅಂಗಳ."

ಸಾಹುಕಾರರು ತಮ್ಮ ಹೆಂಡತಿಯ ರಂಗೋಲಿಯನ್ನು ನೆನೆಸಿಕೊಂಡರೋ ಏನೋ, ಸುಮ್ಮನೆ ಜೇಬಿಗೆ ಕೈ ಹಾಕಿದರು.

ತೋಟಕ್ಕೆ ಬಂದ ಮೇಲೆ ಶುರುವಾಯಿತು ನೋಡಿ ಫಜೀತಿ. ಆಫೀಸಿನ ಮೇಜಿನ ಮೇಲೆ ಲ್ಯಾಪ್‌ಟಾಪಿಗೂ ಸ್ಕ್ರೀನಿಗೂ ದಪ್ಪ ಕೇಬಲ್ ಸಿಕ್ಕಿಸಿದರೆ ಸ್ಕ್ರೀನು ಕರಿ ಹೆಂಚಿನ ಹಾಗೆ ಬಿದ್ದಿತ್ತು. ಸಾಹುಕಾರರು ಅದರ ಬೆನ್ನು ತಟ್ಟಿದರು, ಅವರ ಜೀಪು ಅದಕ್ಕೆ ಕೇಳುತ್ತದೆ. ಇದು ಕೇಳಲಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಒಂದೇ ಕೇಬಲ್ಲು ಚಿತ್ರವನ್ನೂ ಕರೆಂಟನ್ನೂ ಒಟ್ಟಿಗೆ ಹೊರುತ್ತದಂತೆ, ಹಳೆಯದರ ಕೇಬಲ್ಲು ಚಿತ್ರವನ್ನಷ್ಟೇ ಹೊರುತ್ತದೆ. ಕರೆಂಟು ಬೇರೆ ಕೊಡಬೇಕು. ಸೌಂದರ್ಯ ಪವರ್ ಬ್ಯಾಂಕಿನಿಂದ ಇನ್ನೊಂದು ಕೇಬಲ್ ಎಳೆದಳು, ಸ್ಕ್ರೀನಿಗೆ ಜೀವ ಬಂತು. ಹಳ್ಳದ ಬ್ಲಾಕಿನ ಫೋಟೋ ತೆರೆದಳು. ನೀಲಿ ಕೊಡ ಮತ್ತೆ ನೀಲಿ ಕಲೆಯಾಗಿತ್ತು.

"ಟೋಪಿ ಹಾಕ್ದ ಆ ಅಂಗಡಿಯೋನು! ತೋರ್ಸಿದ್ದೊಂದು, ಕೊಟ್ಟಿದ್ದೊಂದು!" ಸಾಹುಕಾರರು ಕೂಗಾಡಿ, ಕೊನೆಗೆ ಊಟಕ್ಕೆ ಹೋದರು.

ಸೌಂದರ್ಯ ಊಟಕ್ಕೆ ಏಳಲಿಲ್ಲ. ಸ್ಕ್ರೀನು ಅದೇ, ಫೋಟೋ ಅದೇ, ಹಾಗಾದರೆ ಚುಕ್ಕಿಗಳು ದಾರಿಯಲ್ಲಿ ಎಲ್ಲಿ ಉದುರಿದವು? ಹಿಂದೆ ಮುಂದೆ ನೋಡಿ, ಸೆಟ್ಟಿಂಗನ್ನೆಲ್ಲ ತಡಕಾಡಿ, ಕಡೆಗೆ ಹಣೆ ಚಚ್ಚಿಕೊಂಡಳು. ಲ್ಯಾಪ್‌ಟಾಪು ತನ್ನ ಮುಖದ ನಕಲನ್ನೇ ಹೊಸ ಸ್ಕ್ರೀನಿಗೆ ಕಳಿಸುತ್ತಿತ್ತು. ಅದು ಕಂಡಷ್ಟನ್ನೇ ಇದೂ ಕಾಣುತ್ತಿತ್ತು. ನಕಲು ಬೇಡ, ಹೊಸ ಸ್ಕ್ರೀನೊಂದೇ ಸಾಕು ಅಂತ ಬದಲಾಯಿಸಿ, ಅದರ ಪೂರಾ ಅಳತೆಯನ್ನು ಆರಿಸಿದಳು. ಕೊಡಕ್ಕೆ ಬಾಯಿ ಬಂತು, ಬಾಯಿಯೊಳಗೆ ನೀರು ಬಂತು. ಜೊತೆಗೆ ಅಕ್ಷರಗಳೆಲ್ಲ ಇರುವೆಮೊಟ್ಟೆಯಷ್ಟಾದವು. ಅವನ್ನು ಎರಡೂವರೆ ಪಟ್ಟು ದೊಡ್ಡದು ಮಾಡಿದ ಮೇಲೆ ಓದಲು ಬಂತು. ಆಗ ಅವಳಿಗಾದ ಖುಷಿಯನ್ನು ಹಂಚಿಕೊಳ್ಳಲು ಆಫೀಸಿನಲ್ಲಿ ಒಂದು ನೊಣವೂ ಇರಲಿಲ್ಲ.

ಇನ್ನೊಂದು ಅಡ್ಡಿ ಉಳಿದಿತ್ತು, ಅದು ಸಾಹುಕಾರರದೇ. ಸ್ಕ್ರೀನಿನ ಮುಖಕ್ಕೆ ಅಂಟಿಸಿ ಬಂದ ತೆಳು ಪ್ಲಾಸ್ಟಿಕ್ ತೆಗೆಯಕೂಡದು ಅಂತ ಅವರ ಕಟ್ಟಪ್ಪಣೆ. ಅವರ ಜೀಪಿನ ಸೀಟಿಗೂ, ಫ್ರಿಜ್ಜಿನ ಬಾಗಿಲಿಗೂ ಬಂದಾಗಿನ ಪ್ಲಾಸ್ಟಿಕ್ ಇವತ್ತಿಗೂ ಇದೆ. ಅವರು ಮೂಡಿಗೆರೆಗೆ ಹೋದ ದಿನ ಸೌಂದರ್ಯ ಅದನ್ನು ಮೆಲ್ಲಗೆ ಸುಲಿದು ಒಲೆಗೆ ಹಾಕಿದಳು. ಸಂಜೆ ಬಂದ ಸಾಹುಕಾರರು ಸ್ಕ್ರೀನು ನೋಡಿ, "ಪ್ಲಾಸ್ಟಿಕ್ ಇದ್ರೂ ಎಷ್ಟು ಚೆನ್ನಾಗಿ ಕಾಣುತ್ತೆ ನೋಡು. ನಾನು ಹೇಳಿರ್ಲಿಲ್ವಾ?" ಅಂದರು.

"ಹೇಳಿದ್ರಿ ಸರ್."

ಆಫೀಸಿನ ಕತ್ತಲಲ್ಲಿ ಕಂಡದ್ದೆಲ್ಲ ಕಣದ ಬೆಳಕಿಗೆ ಬಂದಾಗ ಮತ್ತೆ ಮಾಯ. ಮಂಕು ಮುಖದ ಸ್ಕ್ರೀನು ಮೀಸೆ ತೋರಿಸಲಿಲ್ಲವಾದರೂ ಬಯಲಿನ ಬಿಳುಪಿಗೆ ಸೋತು, ಬೂದಿ ಬಳಿದಂತಾಯಿತು. ಬೆಳಕನ್ನು ಪೂರ್ತಿ ಏರಿಸಿದರೂ ಅಷ್ಟೆ. ಸೌಂದರ್ಯ ಕೊಡೆ ಹಿಡಿದಳು, ಸೆರಗು ಹಿಡಿದಳು. ನೋಡೀ ನೋಡೀ ಬೇಸತ್ತ ಭೂತಯ್ಯ ತನ್ನ ಹೆಗಲ ಮೇಲಿನ ಕರಿ ಕಂಬಳಿ ತೆಗೆದು, "ಬೆಳಕು ಬ್ಯಾಡ ತಾನೆ? ತಗಳಿ, ಹೊದ್ಕಳಿ" ಅಂತ ಅವಳ ತಲೆಯ ಮೇಲೂ ಸ್ಕ್ರೀನಿನ ಮೇಲೂ ಸೇರಿಸಿ ಎಸೆದ. ಒಳಗೆ ಬೀಡಿ, ಹೊಗೆ, ಕುರಿಯ ವಾಸನೆ. ಅದರ ನಡುವೆ ಹಳ್ಳದ ಬ್ಲಾಕು ಎಲೆ ಎಲೆಯಾಗಿ ಹೊಳೆಯುತ್ತಿತ್ತು. ಆ ವರ್ಷ ಮರಗಸಿ ಮಾಡಿಸಿ, ನೆರಳಿನ ಮರಗಳ ಕೊಂಬೆ ಸವರಿಸಿದ್ದರಿಂದ ಕಾಫಿ ಗಿಡದ ಸಾಲುಗಳೂ ಮೇಲಿನಿಂದ ಕಾಣುತ್ತಿದ್ದವು. ಅಂದಿನಿಂದ ರೈಟ್ರಮ್ಮ ಬೆಳಿಗ್ಗೆ ಬೆಳಿಗ್ಗೆ ಕಂಬಳಿಯೊಳಗೆ ಹೋಗುವುದು, ಗ್ಯಾಂಗಿನ ಹೆಂಗಸರು ಮುಸಿಮುಸಿ ನಗುವುದು ರೂಢಿಯಾಯಿತು. ಹುಚ್ಚಮ್ಮ ಮಾತ್ರ ನಗುತ್ತಿರಲಿಲ್ಲ.

ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ ಮಂಜು ಹರಿಯುವುದೇ ತಡವಾಯಿತು. ಹಣ್ಣು ಕಳಿತು ಉದುರುತ್ತಿವೆ ಅಂತ ಸಾಹುಕಾರರು ಕಣದಲ್ಲಿ ಅತ್ತಿಂದಿತ್ತ ಶತಪಥ ಹಾಕುತ್ತಿದ್ದರು. ಸೌಂದರ್ಯ ಡ್ರೋನ್ ಇಳಿಸಿ, ಅದರ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಕಂಬಳಿ ಹೊದ್ದಳು. ಇಡೀ ಬ್ಲಾಕು ಒಮ್ಮೆಗೇ ಕಣ್ಣಿಗೆ ಬಂತು. ಗಿಡದ ಸಾಲು ಸರಿಯಾಗಿದೆ. ದಾರಿ ಖಾಲಿ. ಹಳ್ಳದ ಪಕ್ಕ ಒಂದು ಕಪ್ಪು ಗುಡ್ಡೆ.

"ಮೇಸ್ತ್ರಿ, ಹಳ್ಳದತ್ರ ಕಪ್ಪಗಿರೋದು ಸಿಪ್ಪೆ ರಾಶಿ ತಾನೆ?"

ಭೂತಯ್ಯ ಕಂಬಳಿಯೊಳಗೆ ತಲೆ ತೂರಿಸಿ ನೋಡಿ, "ಅದೇ, ನಮ್ದೇ ರಾಶಿ" ಅಂದ.

ಪಲ್ಪರಿನಲ್ಲಿ ಸುಲಿದ ಕಾಫಿ ಹಣ್ಣಿನ ಸಿಪ್ಪೆಯನ್ನು ಗೊಬ್ಬರಕ್ಕೆಂದು ಗುಡ್ಡೆ ಹಾಕಿ ಕಪ್ಪು ಟಾರ್ಪಾಲು ಮುಚ್ಚುವುದು ಇಲ್ಲಿ ಎಲ್ಲ ತೋಟದಲ್ಲೂ ಇದ್ದದ್ದೇ. ಆ ರಾಶಿಯನ್ನು ನೋಡಿ ನೋಡಿ ಎಲ್ಲರಿಗೂ ಅದು ಅಲ್ಲಿರುವುದು ಬಾಯಿಪಾಠ. ಬಾಯಿಪಾಠವಾದದ್ದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಸೌಂದರ್ಯ ಕಂಬಳಿಯಿಂದ ಹೊರಗೆ ಬಂದು, "ಹೋಗ್ಬೋದು" ಅಂದಳು. ಗ್ಯಾಂಗು ಚೀಲ ಸೊಂಟಕ್ಕೆ ಕಟ್ಟಿ ಇಳಿಜಾರಿನಲ್ಲಿ ಹೊರಟಿತು. ಕಡೆಯಲ್ಲಿ ಭೂತಯ್ಯ, ಎಲ್ಲರಿಗಿಂತ ಮುಂದೆ ಅರುಣಾ.

ಕೆಲಸ ಮುಗಿದಿತ್ತು, ಸ್ಕ್ರೀನು ಎತ್ತಿಡಬಹುದಿತ್ತು. ಆದರೆ ಚಟ ಬಿಡಬೇಕಲ್ಲ. ಟಾರ್ಪಾಲು ಹಾರದಂತೆ ಅದರ ಮೇಲೆ ಹಳೇ ಟೈರುಗಳನ್ನು ಇಟ್ಟಿರುತ್ತಾರೆ, ಅಷ್ಟು ಮೇಲಿನಿಂದ ಟೈರಿನ ಗೀರು ಕಾಣುತ್ತದೋ ನೋಡೋಣ ಅಂತ ಅವಳು ಮತ್ತೆ ಕಂಬಳಿಯೊಳಗೆ ಹೋಗಿ ರಾಶಿಯನ್ನು ಹಿಗ್ಗಿಸಿದಳು. ಟೈರುಗಳು ಕಂಡವು. ಆದರೆ ಅರ್ಧ ರಾಶಿಯ ಮೇಲೆ ಮಾತ್ರ. ಉಳಿದರ್ಧ ಬೋಳು. ಅರ್ಧಕ್ಕೆ ಮಾತ್ರ ಟೈರು ಇಡುವ ಪುಣ್ಯಾತ್ಮ ಯಾರು? ಟೈರಿದ್ದ ಕಡೆ ಇಬ್ಬನಿಗೆ ಟಾರ್ಪಾಲು ಪಳಪಳ ಅನ್ನುತ್ತಿತ್ತು. ಈಚೆಯ ಅರ್ಧ ಹೊಳೆಯುತ್ತಿರಲಿಲ್ಲ, ಮೇಲೆಲ್ಲ ಕೆಮ್ಮಣ್ಣು ಎರಚಿದ ಹಾಗಿತ್ತು. ಅವಳು ಇನ್ನಷ್ಟು ಹಿಗ್ಗಿಸಿದಳು. ಮಡಿಚಿದ ಕೆಸುವಿನೆಲೆಯಂಥ ಒಂದು ಆಕಾರ. ಅಂಚಿನಲ್ಲಿ ಮಾಸಿದ ಗುಲಾಬಿ ಬಣ್ಣ, ಅದರ ತುಂಬ ಸಣ್ಣ ಸಣ್ಣ ಮಚ್ಚೆ.

ಕಿವಿ.

ಕೊಳೆಯುವ ಸಿಪ್ಪೆ ಒಳಗೊಳಗೇ ಕಾಯುತ್ತದೆ, ಕೈ ಇಟ್ಟರೆ ಬೆಚ್ಚಗಿರುತ್ತದೆ. ಆ ಕೊರೆಯುವ ಚಳಿಯಲ್ಲಿ ಆನೆ ಆ ರಾಶಿಗೆ ಒರಗಿ ಮಲಗಿಬಿಟ್ಟಿತ್ತು. ಅದರ ಹೊಟ್ಟೆಗೂ ರಾಶಿಗೂ ನಡುವೆ ಇನ್ನೊಂದು ಸಣ್ಣ ಕಪ್ಪು. ಮರಿ.

ಮರಿ ಇರುವ ತಾಯಾನೆ ಹೆದರಿಸಿದರೆ ಹಿಂದಕ್ಕೆ ಹೋಗುವುದಿಲ್ಲ, ಮುಂದಕ್ಕೆ ಬರುತ್ತದೆ. ಹಳ್ಳದಲ್ಲಿ ಸಿಗ್ನಲ್ ಇಲ್ಲ, ಫೋನು ದಂಡ. ಕೂಗಿದರೆ ಮೊದಲು ಏಳುವುದು ಆನೆ. ಕಣದ ಶೆಡ್ಡಿನಲ್ಲಿ ಕೆಲಸಕ್ಕೆ ಹೊಡೆಯುವ ಕಂಬಿ ತೂಗುಹಾಕಿತ್ತು, ರೈಲು ಹಳಿಯ ತುಂಡು. ಬೆಳಿಗ್ಗೆ ಒಂದೊಂದೇ ಹೊಡೆತ, ಕೆಲಸ ಬಿಡುವಾಗ ಜೋಡಿ ಹೊಡೆತ. ಆ ಸದ್ದು ತೋಟದ ಮರಗಳಿಗೂ ಆನೆಗಳಿಗೂ ದಿನದ ರೂಢಿ. ಅವಳು ಓಡಿಹೋಗಿ ಸುತ್ತಿಗೆ ಎತ್ತಿ ಜೋಡಿ ಹೊಡೆತ ಹೊಡೆದಳು. ಢಣ್ ಢಣ್. ಢಣ್ ಢಣ್.

"ಏನೇ ಇದು? ಈಗ ಕೆಲಸಕ್ಕೆ ಬಿಟ್ಟು ಈಗ್ಲೇ ಮನೆಗೆ ಕಳಿಸ್ತೀಯಾ? ತಲೆ ಕೆಟ್ಟಿದ್ಯಾ?" ಸಾಹುಕಾರರು ಕೈ ಹಿಡಿಯಲು ಬಂದರು.

"ಆನೆ ಇದೆ ಸರ್. ರಾಶಿ ಪಕ್ಕ ಮಲಗಿದೆ. ಮರಿ ಇದೆ."

ಕಾಯಿ ಆರಿಸುತ್ತಿದ್ದ ಹುಚ್ಚಮ್ಮನ ಕೈ ನಿಂತಿತು. ಅವಳು ಇಳಿಜಾರಿನ ಕಡೆ ತಿರುಗಿ, ಅಂಗೈಯನ್ನು ನೆಲಕ್ಕೆ ಒತ್ತಿ, ಎದ್ದು ನಿಲ್ಲಲು ನೋಡಿದಳು. ಸೌಂದರ್ಯ ಹೊಡೆಯುತ್ತಲೇ ಇದ್ದಳು. ಹೋಗಬಹುದು ಅಂದದ್ದು ತಾನು, ತನ್ನ ಬಾಯಿಂದಲೇ ಬಂದ ಮಾತು ಅನ್ನುವುದು ಪ್ರತಿ ಹೊಡೆತಕ್ಕೂ ಎದೆಗೆ ಬಂದು ಬಡಿಯುತ್ತಿತ್ತು.

ಮೊದಲು ಕಂಡದ್ದು ಭೂತಯ್ಯನ ಮುಂಡಾಸು. ಹಿಂದೆ ಒಬ್ಬೊಬ್ಬರಾಗಿ ಹೆಂಗಸರು, ಇವತ್ತೇನು ಬೆಳಿಗ್ಗೆಯೇ ಸಂಜೆಯಾಯಿತಾ ಅಂತ ನಗಾಡಿಕೊಂಡು. ಮುಂದೆ ಹೋದವಳು ಹಿಂದಾಗಿ ಅರುಣಾ ಕಟ್ಟಕಡೆಗೆ ಬಂದಳು. ಹುಚ್ಚಮ್ಮ ಮಗಳ ರಟ್ಟೆ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿ, ಬೆನ್ನಿಗೆ ಒಂದು ಗುದ್ದಿದಳು. ಯಾಕೆ ಗುದ್ದಿದಳೋ ಅವಳಿಗೇ ಗೊತ್ತಿರಲಿಲ್ಲ, ಅರುಣಾ ಬಾಯಿ ಬಿಟ್ಟುಕೊಂಡು ನೋಡಿದಳು. ಸೌಂದರ್ಯ ಸುತ್ತಿಗೆ ಕೆಳಗಿಟ್ಟು ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

ಆಮೇಲೆ ಎಲ್ಲರೂ ಕಂಬಳಿಗೆ ಮುಗಿಬಿದ್ದರು. ಒಬ್ಬರಾದ ಮೇಲೊಬ್ಬರು ತಲೆ ತೂರಿಸಿ, "ಅಯ್ಯಯ್ಯೋ", "ಕಿವಿ ನೋಡೇ ಕಿವಿ", "ಮರಿ ಬಾಯಿ ತೆರ್ಕೊಂಡೇ ನಿದ್ದೆ ಹೊಡೀತೈತೆ" ಅಂದರು. ಆನೆಯ ಲದ್ದಿ ಕಂಡವರು, ಹೆಜ್ಜೆ ಕಂಡವರು, ಅದರಿಂದ ಓಡಿದವರು ಅಲ್ಲಿ ಎಲ್ಲರೂ. ಆನೆ ಮಲಗಿದ್ದನ್ನು ಕಂಡವರು ಒಬ್ಬರೂ ಇಲ್ಲ. ಭೂತಯ್ಯ ಎರಡು ಸಲ ನೋಡಿ, "ನಮ್ದೇ ರಾಶಿ ಅಂದ್ನಲ್ಲ" ಅಂತ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡ.

ಸಾಹುಕಾರರು ಜೀಪಿನಿಂದ ಪಟಾಕಿ ಸರ ಹಿಡಿದು ಬಂದರು. "ಸರಿ, ಎಲ್ಲಿದೆ ಗೊತ್ತಾಯ್ತಲ್ಲ. ಒಂದು ಸರ ಹಚ್ಚಿದ್ರೆ ಓಡುತ್ತೆ. ಹಣ್ಣು ಉದುರ್ತಾ ಇದೆ."

"ಮರಿ ಇದೆ ಸರ್. ಓಡಿದ್ರೆ ಲೈನ್ ಕಡೆಗೇ ಬರುತ್ತೆ, ಕೂಲಿಯವರ ಮನೆ ಇರೋದು ಅಲ್ಲೇ" ಅಂದಳು ಸೌಂದರ್ಯ.

"ಹಾಗಂತ ಅದು ಏಳೋವರೆಗೂ ಕಾಯ್ಬೇಕಾ?"

ಎಲ್ಲರೂ ಹುಚ್ಚಮ್ಮನ ಕಡೆ ನೋಡುತ್ತಿದ್ದರು. ಅವಳು ಎದ್ದು, ಕಾಲೆಳೆದುಕೊಂಡು, ಮಗಳ ಹೆಗಲು ಹಿಡಿದು ಕಂಬಳಿಯ ಹತ್ತಿರ ಬಂದಿದ್ದಳು. ತಲೆ ಬಗ್ಗಿಸಿ ಒಳಗೆ ಹೋದಳು. ಬೇರೆಯವರೆಲ್ಲ ನೋಡಿದ್ದಕ್ಕಿಂತ ಬಹಳ ಹೊತ್ತಾಯಿತು.

"ಎಬ್ಬಿಸ್ಬ್ಯಾಡಿ" ಅಂದಳು ಕಂಬಳಿಯೊಳಗಿಂದ. "ಹಾಳಾದ್ದು, ಮಲಗ್ಲಿ. ಇವತ್ತು ಗ್ಯಾಂಗ್ ಮ್ಯಾಲಿನ ಬ್ಲಾಕಿಗೆ ಹೋಗ್ಲಿ."

ಸಾಹುಕಾರರು ಪಟಾಕಿ ಸರವನ್ನು ಕೈಯಿಂದ ಕೈಗೆ ಬದಲಾಯಿಸಿ, ಕೊನೆಗೆ ಜೀಪಿನ ಸೀಟಿನ ಮೇಲೆ ಎಸೆದರು. ಭೂತಯ್ಯ ಗ್ಯಾಂಗನ್ನು ಮೇಲಿನ ಬ್ಲಾಕಿಗೆ ತಿರುಗಿಸಿದ. ಅರುಣಾ ಹಿಂದೆ ತಿರುಗಿ ನೋಡುತ್ತ ನೋಡುತ್ತ ಹೋದಳು. ಕಣ ಖಾಲಿಯಾಯಿತು. ಹುಚ್ಚಮ್ಮ ಮಾತ್ರ ಕಂಬಳಿಯೊಳಗೇ ಇದ್ದಳು.

ಪವರ್ ಬ್ಯಾಂಕು ಮುಗಿಯುತ್ತ ಬಂದಿತ್ತು. ಸೌಂದರ್ಯ ಕಂಬಳಿಯ ಅಂಚು ಎತ್ತಿ ಇಣುಕಿದಳು. ಹುಚ್ಚಮ್ಮ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಆನೆ ಈಗ ಏಳುತ್ತದೆ, ಈಗ ಅಲ್ಲಾಡುತ್ತದೆ ಅಂತ ಕಾಯುತ್ತಿದ್ದಾಳೇನೋ ಅನ್ನಿಸಿ ಸೌಂದರ್ಯಳಿಗೆ ಪಾಪ ಅನ್ನಿಸಿತು.

"ಹುಚ್ಚಮ್ಮ, ಅದು ಬರೀ ಫೋಟೋ. ಎಷ್ಟು ಹೊತ್ತು ನೋಡಿದ್ರೂ ಅಲ್ಲಾಡಲ್ಲ."

"ಗೊತ್ತು ರೈಟ್ರಮ್ಮ" ಅಂದಳು ಹುಚ್ಚಮ್ಮ, ಸ್ಕ್ರೀನಿನಿಂದ ಕಣ್ಣು ತೆಗೆಯದೆ. "ಅವತ್ತು ಅದ್ರ ಮುಖ ಹೆಂಗಿತ್ತು ಅಂತ ನೋಡಕ್ಕೇ ಆಗ್ಲಿಲ್ಲ. ಅಲ್ಲಾಡ್ದೇ ಇರೋ ಆನೆನ ಒಂದ್ಸಲ ಸರಿಯಾಗಿ ನೋಡ್ಬೇಕಾಗಿತ್ತು."